ಫ್ಯಾಕ್ಸ್ ಕಾಲದವರನ್ನು ಬೈಬೇಡಿ ಸ್ವಾಮಿ!

ಮೊನ್ನೆ ಮೇಲ್‌ನಲ್ಲಿ ಒಂದು ಸರ್ಕಾರಿ ಸುತ್ತೋಲೆ ಬಂತು. ಕಂಪ್ಯೂಟರಿನಲ್ಲೇ ಕನ್ನಡದಲ್ಲಿ ಟೈಪ್ ಮಾಡಿದ್ದು. ಆಮೇಲೆ ಪ್ರಿಂಟ್ ತೆಗೆದು, ಸಹಿ ಹಾಕಿ, ಸೀಲು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದ್ದಾರೆ. ಅದೂ ಓರೆಯಾಗಿ! ಬೇಕಿದ್ದ ಒಂದು ಸಾಲು ಹುಡುಕೋಣ ಅಂತ ಕಂಟ್ರೋಲ್-ಎಫ್ ಒತ್ತಿದರೆ ಏನೂ ಸಿಗಲಿಲ್ಲ. ಸಿಗೋದಾದರೂ ಹೇಗೆ? ಅಲ್ಲಿರೋದು ಅಕ್ಷರವಲ್ಲ, ಅಕ್ಷರದ ಫೋಟೋ.

"ಇನ್ನೂ ಫ್ಯಾಕ್ಸ್ ಕಾಲದಲ್ಲೇ ಇದ್ದಾರೆ ಕಣ್ರೀ" ಅಂತ ಗೆಳೆಯರೊಬ್ಬರು ನಕ್ಕರು. ನನ್ನ ತಕರಾರು ಇರೋದೇ ಈ ಮಾತಿನ ಬಗ್ಗೆ. ಫ್ಯಾಕ್ಸ್ ಕಾಲದವರು ಇಷ್ಟು ದಡ್ಡರಾಗಿರಲಿಲ್ಲ.

1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಗಾಮಾಲಿಂಕ್ ಅನ್ನೋ ಕಂಪನಿ 'ಗಾಮಾಫ್ಯಾಕ್ಸ್' ಎಂಬ ಕಾರ್ಡ್ ಹೊರತಂದಿತು. ಪಿಸಿಯೊಳಗೆ ಅದನ್ನು ಸಿಕ್ಕಿಸಿದರೆ ಸಾಕು, ಪ್ರಿಂಟ್ ತೆಗೆಯದೆಯೇ ಪತ್ರವನ್ನು ನೇರ ಫೋನ್ ಲೈನಿನಲ್ಲಿ ಇನ್ನೊಬ್ಬರ ಫ್ಯಾಕ್ಸ್ ಯಂತ್ರಕ್ಕೆ ಕಳಿಸಬಹುದಿತ್ತು. ಕಂಪನಿ ಕಟ್ಟಿದ ಹ್ಯಾಂಕ್ ಮ್ಯಾಗ್ನುಸ್ಕಿ ಹ್ಯಾಮ್ ರೇಡಿಯೋದವರು. 1980ರಲ್ಲೇ ಪ್ಯಾಕೆಟ್ ರೇಡಿಯೋ ರಿಪೀಟರ್ ನಡೆಸಿದ್ದವರು. ಅಂದರೆ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಅಕ್ಷರವನ್ನು ಅಕ್ಷರವಾಗಿಯೇ ಕಳಿಸೋದು ಗೊತ್ತಿಲ್ಲದ ಮನುಷ್ಯರಲ್ಲ!

ಆದರೂ ಅವರು ಅಕ್ಷರವನ್ನು ಚುಕ್ಕೆ ಮಾಡಿದರು. 1980ರ 'ಗ್ರೂಪ್ 3' ಫ್ಯಾಕ್ಸ್ ನಿಯಮದ ಪ್ರಕಾರ ಅಡ್ಡ ಸಾಲೊಂದಕ್ಕೆ 1728 ಚುಕ್ಕೆ. ಒಂದು ಎ4 ಹಾಳೆಗೆ ಹೆಚ್ಚುಕಮ್ಮಿ 20 ಲಕ್ಷ. ಎರಡು ಸಾವಿರ ಅಕ್ಷರದ ಪತ್ರಕ್ಕೆ ಇಷ್ಟೊಂದು! ಯಾಕೆ? ಆಚೆ ಕಡೆಯ ಆಫೀಸಿನಲ್ಲಿ ಕಂಪ್ಯೂಟರ್ ಇರಲಿಲ್ಲ, ಫ್ಯಾಕ್ಸ್ ಇತ್ತು. "ನೀವೂ ಕಂಪ್ಯೂಟರ್ ಕೊಳ್ಳಿ" ಅನ್ನದೆ ಇವರೇ ಬಗ್ಗಿದರು. ಜೊತೆಗೆ ಚುಕ್ಕೆಗೆ ಲಿಪಿಭೇದವಿಲ್ಲ. ಜಪಾನಿನವರು ಫ್ಯಾಕ್ಸನ್ನು ಅಷ್ಟು ಹಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣ. ನಮ್ಮ ಕನ್ನಡವೂ ಯಾವ ಫಾಂಟಿನ ಹಂಗಿಲ್ಲದೆ ಅದರಲ್ಲಿ ಹೋಗುತ್ತಿತ್ತು.

ಮುಂದೆ ಗಾಮಾಲಿಂಕನ್ನು ಡಯಲಾಜಿಕ್ ನುಂಗಿತು. 1999ರಲ್ಲಿ ಡಯಲಾಜಿಕ್ಕನ್ನು ಇಂಟೆಲ್ ಕೊಂಡಿತು, 2006ರಲ್ಲಿ ಐಕಾನ್‌ಗೆ ಮಾರಿತು. ಗಾಮಾಲಿಂಕ್ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು? ಸೇತುವೆ ಕಟ್ಟಿದವರ ಹಣೆಬರಹವೇ ಅಷ್ಟು. ಇರಲಿ.

ಆದರೆ ಇವತ್ತು ಆಚೆ ಕಡೆ ಇರೋದು ಯಾರು? ಯುನಿಕೋಡ್ ಓದುವ ಫೋನ್ ಹಿಡಿದ ನಾನು, ನೀವು. ಈಗಲೂ ಚುಕ್ಕೆ ಕಳಿಸೋದು ಯಾವ ಅನಿವಾರ್ಯಕ್ಕೆ? "ಸಹಿ, ಸೀಲು ಬೇಡವೇ?" ಅಂತೀರಿ. ಡಿಜಿಟಲ್ ಸಹಿಗೆ 2000ದ ಐಟಿ ಕಾಯ್ದೆಯಲ್ಲೇ ಮಾನ್ಯತೆ ಇದೆ. ಅದೂ ಬೇಡವೆಂದರೆ ಸ್ಕ್ಯಾನ್ ಪಕ್ಕದಲ್ಲೇ ಪಠ್ಯವನ್ನೂ ಹಾಕಿ. ಅದು ಹೇಗೂ ನಿಮ್ಮ ಕಂಪ್ಯೂಟರಿನಲ್ಲೇ ಇದೆಯಲ್ಲ! ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಆ ಸುತ್ತೋಲೆ ಬರೀ ಖಾಲಿ ಹಾಳೆ ಅನ್ನೋದು ಯಾರಿಗಾದರೂ ಹೊಳೆದಿದೆಯೇ?

ಸರ್ಕಾರವನ್ನಷ್ಟೇ ಬೈದು ಕೈತೊಳೆದುಕೊಳ್ಳಲ್ಲ. ಕವನ ಬರೆದು, ಹೂವಿನ ಚಿತ್ರದ ಮೇಲೆ ಕೂರಿಸಿ ಜೆಪೆಗ್ ಮಾಡಿ ಹಾಕುವ ಬ್ಲಾಗಿಗ ಮಿತ್ರರೇ, ನಿಮಗೂ ಇದೇ ಮಾತು. ಹೂವು ಇರಲಿ, ಕೆಳಗೆ ನಾಲ್ಕು ಸಾಲು ಅಕ್ಷರವೂ ಇರಲಿ. ಗಾಮಾಲಿಂಕಿನವರು ಎದುರಿಗಿದ್ದವರ ಕೈಲಿ ಏನಿದೆ ಅಂತ ನೋಡಿ ಕಳಿಸಿದರು. ನಾವು ನೋಡುತ್ತಲೇ ಇಲ್ಲ.

ಏನಂತೀರಿ?