ಪೆಟ್ಟಿಗೆಯಲ್ಲಿದ್ದ ಟೋಪಿ

ಸೊಲ್ಲಾಪುರದ ನಮ್ಮ ಓಣಿಯಲ್ಲಿ ಅರ್ಜಿ ಬರೆದುಕೊಡುವ ಹಿರಿಯರೊಬ್ಬರಿದ್ದರು. ಮಾತು ಕಡಿಮೆ; ಅಕ್ಷರ ಮುತ್ತಿನಂಥದು. 1972ರಲ್ಲಿ ಕೇಂದ್ರ ಸರಕಾರವು ಸ್ವಾತಂತ್ರ್ಯಯೋಧರಿಗೆ ಮಾಸಾಶನ ಆರಂಭಿಸಿದಾಗ ಓಣಿಯವರ ಅರ್ಜಿಗಳನ್ನೆಲ್ಲ ಬರೆದವರು ಅವರೇ.

1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರನ್ನು ಕುರಿತು ನಾವು ವರ್ಷವರ್ಷವೂ ಭಾಷಣ ಮಾಡುತ್ತಿದ್ದೆವು. ಅವರು ಹಿಂದೆ ಕುಳಿತು ಕೇಳುತ್ತಿದ್ದರು. "ನಿಮಗೆ ಇದರಲ್ಲಿ ಆಸಕ್ತಿ ಕಡಿಮೆಯೆಂದು ಕಾಣುತ್ತದೆ" ಎಂದು ಒಮ್ಮೆ ಅಂದೂಬಿಟ್ಟೆವು. ಮುಗುಳ್ನಕ್ಕರು, ಅಷ್ಟೆ.

ಅವರು ತೀರಿಕೊಂಡ ಮೇಲೆ ಅವರ ಪತ್ನಿ ಪೆಟ್ಟಿಗೆಯಿಂದ ಹಳದಿಗಟ್ಟಿದ ಗಾಂಧಿ ಟೋಪಿಯನ್ನು ತೆಗೆದು ತೋರಿಸಿದರು. 1930ರ ಮೇ 12ರಂದು ಊರಿಗೆ ಮಾರ್ಶಲ್ ಲಾ ಬಂದಿತ್ತು. ಟೋಪಿ ತೊಟ್ಟವರನ್ನು ತಡೆದು ತೆಗೆಸುತ್ತಿದ್ದ ದಿನಗಳು. ಹದಿನೇಳರ ಹುಡುಗ ಅದನ್ನೇ ತೊಟ್ಟು ಬೀದಿಗಿಳಿದನಂತೆ, ತೆಗೆಯೆಂದರೆ ತೆಗೆಯಲಿಲ್ಲವಂತೆ. ಪೆಟ್ಟು ತಿಂದು, ವರ್ಷವೊಂದು ಸೆರೆಮನೆಯಲ್ಲಿ ಕಳೆದು ಬಂದನಂತೆ.

"ನಿಮ್ಮದೂ ಒಂದು ಅರ್ಜಿ ಬರೀರಿ ಅಂತ ಎಷ್ಟೋ ಸಲ ಅಂದೇನ್ರಿ. 'ಆ ನಾಲ್ಕು ಮಂದಿ ತಿರುಗಿ ಬರಲಿಲ್ಲ, ನಾ ಮನೀಗೆ ಬಂದೀನಲ್ಲ' ಅಂತಿದ್ರು."

ನಮ್ಮ ಸೋದರಮಾವನವರ ಅರ್ಜಿಯ ಪ್ರತಿ ಇನ್ನೂ ನಮ್ಮಲ್ಲಿದೆ. ಅದೂ ಅವರ ಕೈಬರಹವೇ.