ಮಕ್ಕಳ ಕೈಗೆ ಕಸುಬು



ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಲೈನುಮನೆಗಳಲ್ಲಿ ಒಂದು ಮಾತು ಏಳುತ್ತದೆ: "ಅಂಕ ಕಡಿಮೆ, ಕಸುಬಿನ ಕೋರ್ಸಿಗೆ ಹಾಕಿಬಿಡೋಣ." ಈ ಮಾತಿನಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದಾಗಿ, ಕಸುಬು ಸೋತವರ ಪಾಲಲ್ಲ. ನಮ್ಮ ಕರ್ತನು ಬಡಗಿಯಾಗಿದ್ದನು; ಪೌಲನು ಗುಡಾರ ಮಾಡಿ ಜೀವಿಸಿದನು. ನಮ್ಮ ಕೇರಳದಲ್ಲಿ 1983-84ರಲ್ಲಿ 19 ಶಾಲೆಗಳಲ್ಲಿ ಆರಂಭವಾದ ವೊಕೇಷನಲ್ ಹೈಯರ್ ಸೆಕೆಂಡರಿಯಲ್ಲಿ ಕಸುಬಿನೊಡನೆ ಇತರ ಪಾಠಗಳೂ ಇವೆ. ತೇರ್ಗಡೆಯಾದವರು ಕಾಲೇಜಿಗೂ ಹೋಗಬಹುದು.

ಎರಡನೆಯದಾಗಿ, ಎಲ್ಲ ಕೋರ್ಸುಗಳೂ ಒಂದೇ ಅಲ್ಲ. ಜೀವಶಾಸ್ತ್ರವಿಲ್ಲದ ಕೋರ್ಸಿಗೆ ಸೇರಿದ ಹುಡುಗಿಗೆ ಮುಂದೆ ಬಿ.ಎಸ್ಸಿ. ನರ್ಸಿಂಗಿನ ಬಾಗಿಲು ತೆರೆಯುವುದಿಲ್ಲ.

ಆದುದರಿಂದ ಅರ್ಜಿಗೆ ರುಜು ಹಾಕುವ ಮೊದಲು ಶಾಲೆಯಲ್ಲಿ ವಿಚಾರಿಸಿರಿ: ಕಸುಬಿನ ಜೊತೆ ಯಾವ ಪಾಠಗಳಿವೆ? ಉಪಕರಣಗಳು ಮಕ್ಕಳ ಕೈಗೆ ಸಿಗುತ್ತವೆಯೋ, ಬೀರುವಿನಲ್ಲೇ ಇರುತ್ತವೆಯೋ? ಮುಂದೆ ಯಾವ ಓದಿಗೆ, ಯಾವ ಕೆಲಸಕ್ಕೆ ಅರ್ಹತೆ ಸಿಗುತ್ತದೆ? ಇನ್ನೊಂದು ಪ್ರಶ್ನೆಯನ್ನು ಮನೆಯಲ್ಲಿ ಮಗುವಿಗೇ ಕೇಳಿರಿ: ನಿನಗೆ ಯಾವುದು ಇಷ್ಟ?

ತೋಟದಲ್ಲಿ ಕೈ ಸವೆಸಿದ ನಮಗೆ ದುಡಿಮೆಯ ಬೆಲೆ ಗೊತ್ತು. ನಮ್ಮ ಮಕ್ಕಳಿಗೂ ಕಸುಬು ಬರಲಿ. ಆದರೆ ಅದು ಅವರು ತಿಳಿದು ಆರಿಸಿಕೊಂಡ ಕಸುಬಾಗಿರಲಿ.