ಎಂ.ಸಿ.ಎ. ಓದಿದ ಮಾಸ್ತರರು

ಜಮಖಂಡಿಯಿಂದ ಬನಹಟ್ಟಿಗೆ ಹೊರಟ ಬಸ್ಸಿನಲ್ಲಿ, ಮಗ್ಗದ ಕೂಲಿಯ ಮಾತು ಮುಗಿಸಿದ ತಂದೆಯೊಬ್ಬರು ಮಗಳನ್ನು ಕೇಳಿದರು: “ನಿಮ್ಮ ಕಂಪ್ಯೂಟರ್ ಸರ್ ಏನ್ ಓದ್ಯಾರವ್ವಾ?” “ಎಂ.ಸಿ.ಎ. ಮಾಡ್ಯಾರಪ್ಪಾ.” “ಅಂದ್ರ, ಇಂಜಿನಿಯರ್ ಅಲ್ಲ.” ಆ ಕೊನೆಯ ಮಾತು ನನ್ನನ್ನು ಬಿಟ್ಟಿಲ್ಲ.

ಎಂ.ಸಿ.ಎ.ಗೆ ರೂಪ ಕೊಟ್ಟವರು ಪ್ರೊ. ವಿ. ರಾಜಾರಾಮನ್. ಇಂಜಿನಿಯರಿಂಗ್ ಸೇರದ ಪದವೀಧರರಿಗೂ ಕಂಪ್ಯೂಟರ್ ವಿದ್ಯೆ ಸಿಗಬೇಕೆಂದು ಹುಟ್ಟಿದ ಕೋರ್ಸು ಅದು. ಸ್ವತಃ ಅವರ ಓದು ಯಾವುದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಎಂ.ಐ.ಟಿ., 1961ರಲ್ಲಿ ವಿಸ್ಕಾನ್ಸಿನ್‌ನ ಪಿಎಚ್.ಡಿ. ಇಷ್ಟರಲ್ಲಿ ಕಂಪ್ಯೂಟರ್ ಸೈನ್ಸ್ ಎಂಬ ಪದವಿ ಒಂದೂ ಇಲ್ಲ. ಅವರು ಎಲೆಕ್ಟ್ರಿಕಲ್ ವಿಭಾಗದವರು. 1963ರಲ್ಲಿ ಐ.ಬಿ.ಎಂ. 1620 ಯಂತ್ರ ಬಂದಿಳಿದ ಕಾನ್ಪುರ ಐ.ಐ.ಟಿ.ಯಲ್ಲಿ, ಎರಡೇ ವರ್ಷದಲ್ಲಿ ಎಂ.ಟೆಕ್. ಮಟ್ಟದ ಕಂಪ್ಯೂಟರ್ ಪಾಠ ಆರಂಭಿಸಿದವರಲ್ಲಿ ಅವರು ಪ್ರಮುಖರು. ಅಗ್ಗದ ಬೆಲೆಗೆ ಪಠ್ಯಪುಸ್ತಕ ಬರೆದರು. ಆದರೂ ಕಾಲೇಜು ಪ್ರವೇಶದ ಹಂಗಾಮಿನಲ್ಲಿ ಕಟ್ಟಡದ ಫೋಟೊ, ಸಂಬಳದ ಪ್ಯಾಕೇಜು ಅಚ್ಚಾಗುವ ಕರಪತ್ರಗಳಲ್ಲಿ ಪಾಠ ಹೇಳುವವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ.

ಇನ್ನು ಆ ತಂದೆಯ ಮಗ್ಗಕ್ಕೆ ಬರೋಣ. ಕಂಪ್ಯೂಟರಿನ ಒಂದು ಬೇರು ಮಗ್ಗದಲ್ಲೇ ಇದೆ: ತೂತಿನ ಕಾರ್ಡುಗಳಿಂದ ವಿನ್ಯಾಸ ನೇಯುವ ಜಕಾರ್ಡ್ ಮಗ್ಗದಲ್ಲಿ. ರಟ್ಟಿನ ಕಾರ್ಡಿನಲ್ಲಿ ತೂತಿದ್ದರೆ ಸೂಜಿ ಒಳಹೋಗುತ್ತದೆ, ಕೊಕ್ಕೆ ಮೇಲೇಳುತ್ತದೆ, ಹಾಸಿನ ಎಳೆ ಎದ್ದು ಲಾಳಿಗೆ ದಾರಿ ಬಿಡುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಒಂದೊಂದು ಹೊಕ್ಕಿಗೆ ಒಂದೊಂದು ಕಾರ್ಡು; ಹೊಲಿದ ಸರಮಾಲೆ ಸುತ್ತಿ ಬಂದರೆ ಅಂಚಿನ ಹೂವು ಮರಳಿ ಅರಳುತ್ತದೆ. 1804ರ ಫ್ರಾನ್ಸಿನ ಈ ಉಪಾಯವನ್ನೇ ಗಣಿತಜ್ಞ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಬಯಸಿದ. ಸಂಶೋಧಕ ಹಾಲರಿತ್ ಅಮೆರಿಕದ 1890ರ ಜನಗಣತಿಯನ್ನು ತೂತಿನ ಕಾರ್ಡುಗಳಲ್ಲೇ ಎಣಿಸಿದ. ಕಾನ್ಪುರದ ಐ.ಬಿ.ಎಂ. 1620 ಯಂತ್ರವೂ ಅಂಥ ಕಾರ್ಡು ಓದಬಲ್ಲದಾಗಿತ್ತು.

ಇಷ್ಟು ಬರೆಯುವಾಗ ಹೊಳೆಯಿತು: ಕೇಳಬೇಕಾದದ್ದು ಮಾಸ್ತರರು ಏನು ಓದಿದ್ದಾರೆ ಎಂದಲ್ಲ, ಆ ಹುಡುಗಿಯ ಮನೆಯ ವಿದ್ಯೆಯನ್ನು ಓದಿದ್ದಾರೆಯೇ ಎಂದು. ತೂತಿನ ಸೊನ್ನೆ-ಒಂದನ್ನೂ, ಮರಳಿ ಸುತ್ತುವ ಲೂಪನ್ನೂ ಅವಳು ಅಪ್ಪನ ಮಗ್ಗದ ಮೇಲೆ ಆಗಲೇ ಕಂಡಿರಬಹುದು. ಹಾಗೆಂದು ಅವಳಿಗೆ ಹೇಳುವವರು ಬೇಕು. ಬಾಗಲಕೋಟೆ ವಿಶ್ವವಿದ್ಯಾಲಯ ಜಮಖಂಡಿಗೇ ಬಂದಿದೆ. ಅದರ ಬಿ.ಸಿ.ಎ. ಪಠ್ಯ ಕಟ್ಟುವವರು ರಬಕವಿಯ ಒಂದು ಮಗ್ಗದ ಮನೆಗೆ ಹೋಗಿ ಬರಲಿ. ಮುಧೋಳ, ಬೀಳಗಿ ಕಡೆಯ ಮಕ್ಕಳಿಗೆ ಕಬ್ಬು ಕಟಾವಿನ ಸರದಿಯಿದೆ: ಯಾರ ಹೊಲ ಮೊದಲು, ಕಾರ್ಖಾನೆಯ ಗೇಟಿನಲ್ಲಿ ಯಾವ ಟ್ರ್ಯಾಕ್ಟರ್ ಹಿಂದೆ, ನಡುವೆ ನುಗ್ಗಿದವನಿಂದ ಯಾರಿಗೆ ನಷ್ಟ. ಕ್ಯೂ ಎಂಬ ಅಧ್ಯಾಯವನ್ನು ಅಲ್ಲಿಂದ ಶುರುಮಾಡಬಹುದು.